ಹೆಸರು ಕ್ರಿಯಾಪದವಾದ ಕ್ಯಾಪ್ಟನ್

ಹೈಸ್ಕೂಲು ಹುಡುಗರಿಗೆ ‘ಬಾಯ್ಕಾಟ್’ ಎಂಬ ಇಂಗ್ಲಿಷ್ ಪದ ಕೊಟ್ಟು ಅರ್ಥ ಹೇಳಿ ಅಂದರೆ, ಮೊದಲು ಅದನ್ನು ಎರಡು ತುಂಡು ಮಾಡುತ್ತಾರೆ. ಬಾಯ್ ಅಂದರೆ ಹುಡುಗ, ಕಾಟ್ ಅಂದರೆ ಮಂಚ. ಹುಡುಗನಿಗೂ ಮಂಚಕ್ಕೂ ಬಹಿಷ್ಕಾರಕ್ಕೂ ಏನು ನಂಟು ಎಂದು ತಲೆ ಕೆರೆದುಕೊಳ್ಳುತ್ತಾರೆ. ಈ ಪದವನ್ನು ಎಷ್ಟು ಬಿಡಿಸಿದರೂ ಅರ್ಥ ಉದುರುವುದಿಲ್ಲ. ಯಾಕೆಂದರೆ ಇದು ಒಬ್ಬ ಮನುಷ್ಯನ ಮನೆತನದ ಹೆಸರು. ಕ್ರಿಕೆಟ್ ಹುಚ್ಚಿನವರು ತಕ್ಷಣ ಜೆಫ್ರಿ ಬಾಯ್ಕಾಟ್‌ನನ್ನು ನೆನೆಯಬಹುದು. 1967ರಲ್ಲಿ ಹೆಡಿಂಗ್ಲಿಯಲ್ಲಿ ಭಾರತದ ವಿರುದ್ಧ ಅಜೇಯ 246 ರನ್ ಹೊಡೆದೂ, ಆಮೆಗತಿಯಲ್ಲಿ ಆಡಿದನೆಂದು ಮುಂದಿನ ಟೆಸ್ಟ್‌ಗೆ ಹೊರಗುಳಿದ ಬ್ಯಾಟ್ಸ್‌ಮನ್ ಅವನು. ಆದರೆ ಪದದ ಮೂಲಪುರುಷ ಅವನಲ್ಲ. ಆ ಕಥೆ ಇನ್ನೂ ಎಂಬತ್ತೇಳು ವರ್ಷ ಹಿಂದಿನದು, ಐರ್ಲೆಂಡಿನದು.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಇಂಗ್ಲೆಂಡಿನ ನಾರ್ಫಕ್ ಸೀಮೆಯ ಪಾದ್ರಿಯೊಬ್ಬರ ಮಗ. ಸ್ವಲ್ಪ ಕಾಲ ಸೇನೆಯಲ್ಲಿದ್ದು ಬಂದವನನ್ನು ಜನ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಐರ್ಲೆಂಡಿನ ಪಶ್ಚಿಮಕ್ಕಿರುವ ಮೇಯೋ ಕೌಂಟಿಯಲ್ಲಿ, ಲಾಕ್ ಮಾಸ್ಕ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಅವನ ಮನೆ. ಅರ್ನ್ ಪ್ರಭು ಎಂಬ ಜಮೀನ್ದಾರನ ಅಲ್ಲಿನ ಜಮೀನುಗಳಿಗೆ ಅವನೇ ಪಾರುಪತ್ಯಗಾರ. ಒಕ್ಕಲುಗಳಿಂದ ಗೇಣಿ ವಸೂಲು ಮಾಡುವುದು ಕೆಲಸ. ಗೇಟು ತೆರೆದಿಟ್ಟರೆ ದಂಡ, ಒಕ್ಕಲಿನ ಕೋಳಿ ತನ್ನ ಹೊಲಕ್ಕೆ ಕಾಲಿಟ್ಟರೂ ದಂಡ ಹಾಕುತ್ತಿದ್ದ ಎಂಬುದು ಅವನ ಮೇಲಿದ್ದ ದೂರು. ನಮ್ಮ ಹಳೇ ಶಾನುಭೋಗರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಮನುಷ್ಯ ಅಪರಿಚಿತನಲ್ಲ.

1879ರಲ್ಲಿ ಅಲ್ಲಿ ಬೆಳೆ ಕೈಕೊಟ್ಟಿತು. ಆಲೂಗಡ್ಡೆ ಹೋದರೆ ಅನ್ನವೇ ಹೋದಂತೆ ಎಂಬ ಸೀಮೆ ಅದು. 1840ರ ದಶಕದ ಕ್ಷಾಮವನ್ನು ಕಂಡ ಹಿರಿಯರು ಇನ್ನೂ ಬದುಕಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕೆಲ್ ಡೇವಿಟ್ ‘ಲ್ಯಾಂಡ್ ಲೀಗ್’ ಕಟ್ಟಿದ. ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಅದರ ಅಧ್ಯಕ್ಷನಾದ. ಮರುವರ್ಷ ಸೆಪ್ಟೆಂಬರ್ 19ರಂದು ಎನಿಸ್ ಪಟ್ಟಣದ ಸಭೆಯಲ್ಲಿ ಪಾರ್ನೆಲ್ ಜನರನ್ನೇ ಕೇಳಿದ: ಒಬ್ಬನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಇನ್ನೊಬ್ಬ ಹಿಡಿದರೆ ಅವನಿಗೇನು ಮಾಡುತ್ತೀರಿ? ಗುಂಡು ಹಾಕುತ್ತೇವೆ ಎಂದು ಗುಂಪು ಕೂಗಿತು. ಪಾರ್ನೆಲ್ ಬೇರೆ ದಾರಿ ತೋರಿಸಿದ. ರಸ್ತೆಯಲ್ಲಿ ಎದುರಾದರೆ ಮಾತಾಡಿಸಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನೆಯ ಜಾಗದಲ್ಲಿ ಅವನನ್ನು ದೂರವಿಡಿ ಅಂದ.

ಮೂರೇ ದಿನ. ಅರ್ನ್ ಪ್ರಭುವಿನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದು ರಿಯಾಯಿತಿ ಕೇಳಿದ್ದರು. ಪ್ರಭು ಹತ್ತಕ್ಕಿಂತ ಮೇಲೆ ಏರಲಿಲ್ಲ. ಬಾಯ್ಕಾಟ್ ಹನ್ನೊಂದು ಕುಟುಂಬಗಳ ಮೇಲೆ ಕೋರ್ಟಿನಿಂದ ನೋಟಿಸ್ ತಂದ. ಸೆಪ್ಟೆಂಬರ್ 22ರಂದು ನೋಟಿಸ್ ಜಾರಿ ಮಾಡಲು ಬಂದ ಅಮೀನನ ಮೇಲೆ ಊರಿನ ಹೆಂಗಸರು ಕೆಸರು, ಗೊಬ್ಬರ, ಕಲ್ಲು ಎಸೆದು ಓಡಿಸಿದರು. ಮಾರನೆಯ ದಿನದಿಂದ ಕ್ಯಾಪ್ಟನ್ ಮನೆ ಖಾಲಿಯಾಗತೊಡಗಿತು. ಆಳುಗಳು ಹೋದರು. ಬಟ್ಟೆ ಒಗೆಯುವವಳು ನಿಂತಳು. ಕಮ್ಮಾರ ಕುದುರೆಗೆ ಲಾಳ ಕಟ್ಟಲು ಒಲ್ಲೆನೆಂದ. ಪತ್ರ ತರುವವನೂ ಬರಲಿಲ್ಲ. ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಗಳು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಟರ್ನಿಪ್ ಗೆಡ್ಡೆ, ಆಲೂಗಡ್ಡೆ ಕೀಳುವವರಿಲ್ಲದೆ ಉಳಿದವು. ಅಕ್ಟೋಬರ್ 18ರ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಅವನು ಬರೆದ ಗೋಳಿನ ಪತ್ರ ಅಚ್ಚಾಗಿ, ಇಡೀ ಇಂಗ್ಲೆಂಡಿಗೆ ಸುದ್ದಿ ಮುಟ್ಟಿತು.

ಆಮೇಲಿನದು ಪ್ರಹಸನ. ಅವನ ಬೆಳೆ ಉಳಿಸಲು ಚಂದಾ ಎತ್ತಿ, ಉತ್ತರದ ಕ್ಯಾವನ್ ಮತ್ತು ಮೊನಾಹನ್ ಕಡೆಯಿಂದ ಐವತ್ತು ಜನ ಸ್ವಯಂಸೇವಕರನ್ನು ಕರೆತಂದರು. ಅವರ ಕಾವಲಿಗೆ ಸೈನಿಕರು, ಪೊಲೀಸರು ಸೇರಿ ನೂರಾರು ಮಂದಿ. ಎರಡು ವಾರ ಮಳೆಯಲ್ಲಿ ನೆನೆಯುತ್ತ ಗೆಡ್ಡೆ ಕಿತ್ತರು. ಕಿತ್ತ ಬೆಳೆಯ ಬೆಲೆ ಸುಮಾರು 500 ಪೌಂಡ್. ಖರ್ಚಾದದ್ದು ಸುಮಾರು 10,000 ಪೌಂಡ್ ಎಂದು ಅಂದಾಜು. ಒಂದೊಂದು ಟರ್ನಿಪ್ ಕೀಳಲು ಒಂದೊಂದು ಶಿಲಿಂಗ್ ಬಿತ್ತು ಎಂದು ಪಾರ್ನೆಲ್ ಗೇಲಿ ಮಾಡಿದ. ಬಾಯ್ಕಾಟ್ ನವೆಂಬರ್ 27ರಂದು ಕುಟುಂಬದೊಂದಿಗೆ ಊರು ಬಿಟ್ಟ. ಡಬ್ಲಿನ್‌ನ ಹೋಟೆಲಿನವನಿಗೂ ಬೆದರಿಕೆ ಪತ್ರ ಬಂದಿತ್ತು. ಡಿಸೆಂಬರ್ ಮೊದಲ ದಿನವೇ ಅವನು ಇಂಗ್ಲೆಂಡಿನ ಹಡಗು ಹತ್ತಿದ.

ಪದ ಹುಟ್ಟಿದ್ದು ಮಾತ್ರ ಊಟದ ಹೊತ್ತಿನ ಹರಟೆಯಲ್ಲಿ. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕನ್ ಪತ್ರಕರ್ತ ಬರೆದಿಟ್ಟ ಪ್ರಕಾರ, ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿಯ ಜೊತೆ ಅವನು ಇದೇ ವಿಷಯ ಮಾತಾಡುತ್ತಿದ್ದ. ಜಮೀನ್ದಾರನನ್ನೋ ಅವನ ಏಜೆಂಟನನ್ನೋ ಹೀಗೆ ದೂರವಿಡುವುದಕ್ಕೆ ಒಂದು ಹೆಸರು ಬೇಕಿತ್ತು. ‘ಆಸ್ಟ್ರಸಿಸಂ’ ಎಂಬ ಗ್ರೀಕ್ ಮೂಲದ ಪದವೇನೋ ಇತ್ತು, ಆದರೆ ರೈತರ ನಾಲಿಗೆಗೆ ಅದು ಹತ್ತುವುದಿಲ್ಲವಲ್ಲ. ಪಾದ್ರಿ ಒಂದು ಕ್ಷಣ ಯೋಚಿಸಿ, ಬಾಯ್ಕಾಟ್ ಮಾಡುವುದು ಅಂದರೆ ಹೇಗೆ ಎಂದು ಕೇಳಿದನಂತೆ. ಅದೇ ವರ್ಷದ ನವೆಂಬರ್ ಮುಗಿಯುವ ಮೊದಲೇ ಲಂಡನ್ನಿನ ಪತ್ರಿಕೆ ಆ ಹೆಸರನ್ನು ಕ್ರಿಯಾಪದವಾಗಿ ಬಳಸಿತು. ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳೂ ಅದನ್ನು ತಮ್ಮದಾಗಿಸಿಕೊಂಡವು. ಜಪಾನಿಯರು ‘ಬೊಯಿಕೊಟ್ಟೊ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಹೆಸರಿನ ದೊಡ್ಡಕ್ಷರ ಹೋಗಿ ಸಣ್ಣಕ್ಷರ ಬಂತು. ವ್ಯಕ್ತಿಯ ಹೆಸರು ಪೂರ್ತಿ ಪದವಾಯಿತು ಅನ್ನುವುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿಲ್ಲ.

ನಮ್ಮ ದೇಶಕ್ಕೆ ಪದ ಕಾಲಿಡಲು ಕಾಲು ಶತಮಾನ ಸಾಕಾಯಿತು. ಬಂಗಾಳ ವಿಭಜನೆಯನ್ನು ವಿರೋಧಿಸಿ 1905ರ ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ಕೈಗೊಂಡ ನಿರ್ಣಯ ಬ್ರಿಟಿಷ್ ಮಾಲಿನ ಬಾಯ್ಕಾಟ್. ಕನ್ನಡದಲ್ಲಿ ಇದಕ್ಕೆ ‘ಬಹಿಷ್ಕಾರ’ ಎಂದರು. ತೊಡಕು ಇರುವುದು ಇಲ್ಲೇ. ಬಹಿಷ್ಕಾರ ಕನ್ನಡದವರಿಗೆ ಹೊಸದೇನಲ್ಲ. ಜಾತಿಯಿಂದ ಹೊರಗಿಡುವುದು, ಊರಿನಿಂದ ಹೊರಗೆ ಹಾಕುವುದು ಅದರ ಹಳೆಯ ಅರ್ಥ. ಲಾಕ್ ಮಾಸ್ಕ್‌ನಲ್ಲಿ ಕೆಳಗಿದ್ದವರು ಮೇಲಿದ್ದವನ ಮೇಲೆ ಪ್ರಯೋಗಿಸಿದ ಅಸ್ತ್ರ, ನಮ್ಮ ಹಳ್ಳಿಗಳಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ಮೇಲಿದ್ದವರು ಕೆಳಗಿದ್ದವರ ಮೇಲೆ ಬೀಸುತ್ತ ಬಂದದ್ದು. ಅಂಗಡಿ ಸಾಮಾನಿಲ್ಲ, ಕೂಲಿ ಇಲ್ಲ, ಮಾತಿಲ್ಲ. ವಿಧಾನ ಅದೇ, ದಿಕ್ಕು ಮಾತ್ರ ತಿರುವುಮುರುವು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದೇ ಸೇರಿಸಿತು. ಅತ್ತ ಚುನಾವಣೆ ಬಂದಾಗ, ರಸ್ತೆ ಆಗುವವರೆಗೆ ಮತದಾನ ಬಹಿಷ್ಕಾರ ಎಂದು ಊರ ಬಾಗಿಲಲ್ಲಿ ಬ್ಯಾನರ್ ಕಟ್ಟುವ ಹಳ್ಳಿಗರದೂ ಬಹಿಷ್ಕಾರವೇ. ಒಂದೇ ಪದ ಎರಡನ್ನೂ ಹೊರುತ್ತಿದೆ. ಪತ್ರಿಕೆ ಓದುವಾಗ ಯಾರು ಯಾರನ್ನು ಎಂದು ಎರಡು ಸಲ ನೋಡಿಕೊಳ್ಳದಿದ್ದರೆ ಅರ್ಥ ಕೈತಪ್ಪುತ್ತದೆ.

ಇಂಗ್ಲಿಷ್ ಪದದ ಬಳಕೆಯಲ್ಲೂ ಎರಡು ಎಚ್ಚರ ಬೇಕು. ಸರಕಾರ ಆ್ಯಪ್ ಒಂದನ್ನು ನಿಷೇಧಿಸಿದರೆ ಅದು ಬ್ಯಾನ್. ಬಳಸುವವರೇ ಒಟ್ಟಾಗಿ ಕೈಬಿಟ್ಟರೆ ಬಾಯ್ಕಾಟ್. ಒಬ್ಬನೇ ಬೇಸರಪಟ್ಟು ಹೋಟೆಲ್ ಬದಲಾಯಿಸಿದರೆ ಅದಕ್ಕೆ ಈ ಪದ ಭಾರವಾಯಿತು. ಕಾಗುಣಿತದ ಕೊನೆಯಲ್ಲಿ ‘ಟಿ’ ಎರಡಿರಬೇಕು, ಹೆಸರಿನಲ್ಲಿ ಇದ್ದ ಹಾಗೆಯೇ.

ಅಂದ ಹಾಗೆ, ಆ ಹೆಸರೂ ಹುಟ್ಟಿನಿಂದ ಬಂದದ್ದಲ್ಲ. 1832ರಲ್ಲಿ ಚಾರ್ಲ್ಸ್ ಹುಟ್ಟಿದಾಗ ಮನೆತನದ ಹೆಸರು ‘ಬಾಯ್‌ಕ್ಯಾಟ್’ ಎಂದಿತ್ತು. 1841ರಲ್ಲಿ, ಹುಡುಗ ಇನ್ನೂ ಸಣ್ಣವನಿದ್ದಾಗ, ಮನೆಯವರು ಒಂದು ಅಕ್ಷರ ಬದಲಿಸಿಕೊಂಡರು.