ರೀಡ್ (ಸುಷಿರವಾದ್ಯ)

ರೀಡ್ ಎಂಬುದು ಕೆಲವು ಸುಷಿರವಾದ್ಯಗಳ ಊದುವ ತುದಿಯಲ್ಲಿ ಜೋಡಿಸಲಾಗುವ, ಉಸಿರಿನ ಒತ್ತಡದಿಂದ ಕಂಪಿಸುವ ತೆಳುವಾದ ಪಟ್ಟಿ. ನಾಗಸ್ವರ, ಶಹನಾಯಿ, ಕ್ಲಾರಿನೆಟ್, ಸ್ಯಾಕ್ಸೋಫೋನ್ ಮತ್ತು ಓಬೋ ರೀಡ್ ವಾದ್ಯಗಳಾಗಿವೆ. ಕೊಳಲಿನಲ್ಲಿ ರೀಡ್ ಇರುವುದಿಲ್ಲ. ಅಲ್ಲಿ ರಂಧ್ರದ ಅಂಚಿಗೆ ತಾಗುವ ಗಾಳಿಯ ಎಳೆಯೇ ಕಂಪಿಸುತ್ತದೆ.

ವಿಧಗಳು

ಕ್ಲಾರಿನೆಟ್ ಮತ್ತು ಸ್ಯಾಕ್ಸೋಫೋನ್‌ಗಳಲ್ಲಿ ಒಂದೇ ಪಟ್ಟಿಯನ್ನು ಮೌತ್‌ಪೀಸಿಗೆ ಬಿಗಿದಿರುತ್ತಾರೆ. ಇದು ಒಂಟಿ ರೀಡ್. ನಾಗಸ್ವರ, ಶಹನಾಯಿ, ಓಬೋಗಳಲ್ಲಿ ಎದುರುಬದುರಾದ ಎರಡು ಅಲಗುಗಳು ಒಂದಕ್ಕೊಂದು ಬಡಿಯುತ್ತವೆ; ಇದು ಜೋಡಿ ರೀಡ್. ತೆಂಗಿನ ಗರಿಯನ್ನು ಸುರುಳಿ ಸುತ್ತಿ, ಕಿರಿದಾದ ತುದಿಯನ್ನು ಅದುಮಿ ಮಕ್ಕಳು ಮಾಡುವ ಪೀಪಿಯೂ ಜೋಡಿ ರೀಡಿನ ಸರಳ ರೂಪವೇ. ಪಾಶ್ಚಾತ್ಯ ವಾದ್ಯಗಳ ರೀಡ್‌ಗಳನ್ನು ಹೆಚ್ಚಾಗಿ ಅರುಂಡೋ ಡೋನಾಕ್ಸ್ ಎಂಬ ಜೊಂಡಿನಿಂದ ತಯಾರಿಸುತ್ತಾರೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶವು ಈ ಬೆಳೆಗೆ ಹೆಸರಾಗಿದೆ.

ಧ್ವನಿಯ ಉತ್ಪತ್ತಿ

ರೀಡ್ ಗಾಳಿಯ ಹರಿವನ್ನು ನಿಯಂತ್ರಿಸುವ ಕವಾಟದಂತೆ ವರ್ತಿಸುತ್ತದೆ. ಬಾಯಿಯೊಳಗಿನ ಒತ್ತಡವು ಅದನ್ನು ಮುಚ್ಚಲು ಯತ್ನಿಸಿದರೆ, ನಳಿಕೆಯೊಳಗಿನ ಒತ್ತಡವು ತೆರೆಯಲು ಯತ್ನಿಸುತ್ತದೆ. ನಳಿಕೆಯಲ್ಲಿ ಸಾಗಿದ ಒತ್ತಡದ ಅಲೆಯು ತೆರೆದ ತುದಿಯಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ಹೀಗೆ ರೀಡಿನ ಬಳಿ ಒತ್ತಡವು ಹೆಚ್ಚಿದಾಗ ಕವಾಟ ತೆರೆದು ಹೆಚ್ಚು ಗಾಳಿ ಒಳನುಗ್ಗುತ್ತದೆ, ತಗ್ಗಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಸರಿಯಾದ ಕ್ಷಣದಲ್ಲಿ ದೊರೆಯುವ ಈ ನೂಕಿನಿಂದ ಕಂಪನವು ನಿರಂತರವಾಗಿ ನಡೆಯುತ್ತದೆ. ಉಸಿರು ತೀರ ಮೆಲ್ಲಗಿದ್ದರೆ ನಾದವು ಹುಟ್ಟುವುದಿಲ್ಲ. ಅತಿಯಾದರೆ ರೀಡ್ ಪೂರ್ತಿ ಮುಚ್ಚಿಕೊಂಡು ನಾದವು ನಿಲ್ಲುತ್ತದೆ.

ಶ್ರುತಿಯ ನಿರ್ಧಾರ

ಸ್ವರದ ಎತ್ತರವನ್ನು ರೀಡ್ ಒಂದೇ ನಿರ್ಧರಿಸುತ್ತದೆ ಎಂಬುದು ತಪ್ಪು ಗ್ರಹಿಕೆ. ಹಾರ್ಮೋನಿಯಮ್ಮಿನ ಲೋಹದ ರೀಡ್‌ಗಳ ಮಟ್ಟಿಗೆ ಇದು ನಿಜ. ಅಲ್ಲಿ ಪ್ರತಿ ಸ್ವರಕ್ಕೂ ಬೇರೆ ರೀಡ್ ಬೇಕು. ಆದರೆ ಹಗುರವಾದ ಜೊಂಡಿನ ರೀಡ್ ನಳಿಕೆಯೊಳಗಿನ ಗಾಳಿಯ ಕಂಬಕ್ಕೆ ಅಧೀನವಾಗಿ ಕಂಪಿಸುತ್ತದೆ. ಆದುದರಿಂದಲೇ ಬೆರಳುಗಳಿಂದ ರಂಧ್ರಗಳನ್ನು ತೆರೆದು ಮುಚ್ಚಿ, ಒಂದೇ ರೀಡಿನಿಂದ ಹಲವು ಸ್ವರಗಳನ್ನು ಪಡೆಯಬಹುದು.

ನಳಿಕೆಯ ಆಕಾರವೂ ಮುಖ್ಯ. ರೀಡ್ ಇರುವ ತುದಿಯು ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಕ್ಲಾರಿನೆಟ್ಟಿನ ನಳಿಕೆ ಬಹುಪಾಲು ಸಿಲಿಂಡರಿನ ಆಕಾರದ್ದಾದ್ದರಿಂದ ಅದರ ಮೂಲಸ್ವರದ ತರಂಗಾಂತರವು ನಳಿಕೆಯ ಉದ್ದದ ಸುಮಾರು 4 ಪಟ್ಟು ಇರುತ್ತದೆ. ಎರಡೂ ತುದಿ ತೆರೆದಿರುವ ಕೊಳಲಿನಲ್ಲಿ ಇದು ಸುಮಾರು 2 ಪಟ್ಟು. ಹೀಗಾಗಿ ಹೆಚ್ಚುಕಡಿಮೆ ಅಷ್ಟೇ ಉದ್ದದ ಪಾಶ್ಚಾತ್ಯ ಕೊಳಲಿನ ಅತಿ ಕೆಳಗಿನ ಸ್ವರವು ಸುಮಾರು 262 ಹರ್ಟ್ಸ್ ಇದ್ದರೆ, ಬಿ-ಫ್ಲಾಟ್ ಕ್ಲಾರಿನೆಟ್ಟಿನದು ಸುಮಾರು 147 ಹರ್ಟ್ಸ್. ಶಂಕುವಿನಾಕಾರದ ಸ್ಯಾಕ್ಸೋಫೋನ್, ಓಬೋಗಳಲ್ಲಿ ಮೇಲಿನ ಸ್ಥಾಯಿಗೆ ಹೋದಾಗ ಸ್ವರದ ಆವರ್ತನವು ಎರಡು ಪಟ್ಟಾದರೆ, ಕ್ಲಾರಿನೆಟ್ಟಿನಲ್ಲಿ ಮೂರು ಪಟ್ಟಾಗುತ್ತದೆ.

ತುಟಿಯ ಪಾತ್ರ

ತುಟಿಯ ಹಿಡಿತ ಮತ್ತು ಉಸಿರಿನ ಒತ್ತಡವನ್ನು ಬದಲಿಸಿ ವಾದಕರು ಶ್ರುತಿಯನ್ನು ಸ್ವಲ್ಪ ಏರಿಳಿಸಬಲ್ಲರು. ನಾಗಸ್ವರದಲ್ಲಿ ಗಮಕಗಳು ಸಾಧ್ಯವಾಗುವುದರಲ್ಲಿ ಈ ಗುಣದ ಪಾಲು ದೊಡ್ಡದು. ಇದೇ ಗುಣವು ಕರ್ನಾಟಕದ ಕದ್ರಿ ಗೋಪಾಲನಾಥ್ (1949–2019) ಅವರು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ನೆರವಾಯಿತು.