ಕಪ್ಪುಕುಳಿಯನ್ನು ತಟ್ಟಿದರೆ



ಸೂರ್ಯ ಈ ಕ್ಷಣ ಮಾಯವಾದನೆಂದು ಇಟ್ಟುಕೊಳ್ಳಿ. ಹಾಗಾಗುವುದಿಲ್ಲ, ಮಾತಿಗೆ ಹೇಳಿದೆ. ಅವನ ಬೆಳಕು ನಮ್ಮಲ್ಲಿಗೆ ಬರಲು ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಅಷ್ಟು ಹೊತ್ತು ಬಿಸಿಲು ಇದ್ದೇ ಇರುತ್ತದೆ. ಆದರೆ ಭೂಮಿಯನ್ನು ಹಿಡಿದಿಟ್ಟ ಅವನ ಸೆಳೆತ? ನ್ಯೂಟನ್ನರ ಲೆಕ್ಕದಂತೆ ಅದು ಆ ಕೂಡಲೇ ತಪ್ಪಬೇಕು. ಐನ್‌ಸ್ಟೈನರು ಒಪ್ಪಲಿಲ್ಲ. ಗುರುತ್ವದಲ್ಲಾಗುವ ಬದಲಾವಣೆ ಅಲೆಯಾಗಿ, ಬೆಳಕಿನ ವೇಗದಲ್ಲೇ ಸಾಗುತ್ತದೆ ಎಂದು 1916ರಲ್ಲಿ ಬರೆದರು. ಕೆರೆಯ ನಡುವೆ ಕಲ್ಲು ಬಿದ್ದರೆ ದಡದ ತಾವರೆ ಎಲೆ ಅಲುಗುವುದು ಅಲೆ ಬಂದು ಮುಟ್ಟಿದ ಮೇಲೆಯೇ ಅಲ್ಲವೆ?

ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 2017ರ ಆಗಸ್ಟ್ 17ರಂದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿದ್ದವು. ಮೊದಲು ಗುರುತ್ವದ ಅಲೆ ಬಂತು, 1.7 ಸೆಕೆಂಡಿನ ಬಳಿಕ ಗಾಮಾ ಕಿರಣ. ಅಷ್ಟು ದೂರದ ಓಟದಲ್ಲಿ ಅಂತರ ಇಷ್ಟೇ!

ಇನ್ನು ಕಪ್ಪುಕುಳಿ. ಕಾಸರಗೋಡಿನವರು ಮಲಯಾಳದಲ್ಲಿ ತಮೋಗರ್ತಂ ಎಂದು, ತಾಳವಾಡಿಯವರು ತಮಿಳಿನಲ್ಲಿ ಕರುಂದುಳೈ ಎಂದು, ಅಕ್ಕಲಕೋಟೆಯವರು ಮರಾಠಿಯಲ್ಲಿ ಕೃಷ್ಣವಿವರ ಎಂದು ಕೇಳಿರಬಹುದು. ಅದರೊಳಗೆ ಬಿದ್ದದ್ದು ಹೊರಬರದು, ಬೆಳಕು ಕೂಡ. ಹಾಗಾದರೆ ಅದರ ಸೆಳೆತ ಮಾತ್ರ ಹೇಗೆ ಹೊರಬರುತ್ತದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಹೊರಬರಬೇಕಾಗಿಯೇ ಇಲ್ಲ. ನಕ್ಷತ್ರ ಕುಸಿಯುವ ಮೊದಲೇ ಸುತ್ತಲಿನ ಆಕಾಶ ಬಾಗಿತ್ತು. ಆ ಬಾಗು ಹೊರಗೆ ಹಾಗೆಯೇ ಉಳಿದಿದೆ. ಕಪ್ಪುಕುಳಿಗಳಿಂದ ಏಳುವ ಅಲೆಗಳೂ ಅಷ್ಟೇ, ಆ ಗಡಿಯ ಹೊರಗಿನವು.

ಸರಿ, ಇಂಥ ಕುಳಿಗೆ ಹೊರಗಿನಿಂದ ಗುರುತ್ವದ ಅಲೆ ಬಡಿದರೆ? ಇದನ್ನು ಲೆಕ್ಕಹಾಕಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದಲ್ಲಿದ್ದಾಗ ಕಂಪ್ಯೂಟರಿನಲ್ಲಿ ಒಂದು ಕಪ್ಪುಕುಳಿಯ ಮೇಲೆ ಅಲೆಗಳನ್ನು ಹಾಯಿಸಿ ನೋಡಿದರು. ಕುಳಿ ಒಂದಿಷ್ಟನ್ನು ನುಂಗಿತು, ಒಂದಿಷ್ಟು ಚೆದರಿತು. ಆಮೇಲೆ ಬಡಿದ ಗಂಟೆಯಂತೆ ಮಿಡಿದು, ಬೇಗಬೇಗ ಕ್ಷೀಣಿಸಿ ಶಾಂತವಾಯಿತು. 1970ರಲ್ಲಿ ಇದು ಪ್ರಕಟವಾಯಿತು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ನಾದ ಕೇಳಿ ಒಳ್ಳೆಯದೋ ಸೀಳಿದ್ದೋ ಎಂದು ತಿಳಿಯುತ್ತೇವೆ. ಇಲ್ಲಿಯೂ ಹಾಗೆಯೇ. ಆ ಮಿಡಿತದ ಸ್ವರ ಮತ್ತು ಅದು ಅಡಗುವ ಬಗೆಯಿಂದ ಕುಳಿಯ ತೂಕವನ್ನೂ ತಿರುಗುವಿಕೆಯನ್ನೂ ಹೇಳಬಹುದು. ಕಣ್ಣಿಗೆ ಕಾಣದ್ದನ್ನು ಗುರುತಿಸಲು ಇದಕ್ಕಿಂತ ನೇರವಾದ ದಾರಿ ನನಗೆ ತೋರದು.

ಅಲೆಯನ್ನು ಹಿಡಿಯಲು ಮಾತ್ರ 45 ವರ್ಷ ಕಾಯಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಮೊದಲ ಅಲೆಯನ್ನು ಕಂಡವು. ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಗಳಲ್ಲಿ ಆದ ವ್ಯತ್ಯಾಸ ಪ್ರೋಟಾನ್ ಕಣದ ಅಗಲಕ್ಕಿಂತಲೂ ಎಷ್ಟೋ ಪಾಲು ಚಿಕ್ಕದು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕುಳಿಗಳು ಸೇರಿ 62 ಪಟ್ಟಿನ ಒಂದಾಗಿದ್ದವು. ಕೂಡಿಸಿ ನೋಡಿ, ಮೂರು ಸೂರ್ಯರಷ್ಟು ಕಡಿಮೆ. ಅಷ್ಟೂ ಅಲೆಗಳಾಗಿ ಹೊರಟುಹೋಗಿತ್ತು. ಹೊಸ ಕುಳಿ ಕೊನೆಗೆ ಮಿಡಿದು ಶಾಂತವಾದ ರೀತಿ ಆ ಹಳೆಯ ಲೆಕ್ಕಕ್ಕೆ ಹೊಂದಿತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಅವರು ಇನ್ನೂ ಇದ್ದರು. ತೀರಿಕೊಂಡದ್ದು 2017ರ ಜನವರಿಯಲ್ಲಿ.

ಸೊಲ್ಲಾಪುರ, ಜತ್ತ ಕಡೆಯ ಕೇಳುಗರಿಗೆ ಇನ್ನೊಂದು ಮಾತು. ಇಂಥದೇ ಯಂತ್ರವನ್ನು ನಿಮ್ಮ ರಾಜ್ಯದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಕೆಲಸ ಶುರು ಮಾಡಿದರೆ, ಅಲೆ ಆಕಾಶದ ಯಾವ ಮೂಲೆಯಿಂದ ಬಂತೆಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು.