ನೆಲ ಒಡೆಯುವ ಮುನ್ನ

ಡೊಂಬಿವಲಿ, ಕಲ್ಯಾಣ್ ಕಡೆಯ ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲು ಹತ್ತುವಾಗ ಕಾಲಡಿಗೆ ನೋಡಿ. ಬೂದು ಬಣ್ಣದ ಹಾಸುಗಲ್ಲು ಕಂಡರೆ ಅದು ನಮ್ಮೂರಿನದೇ ಇರಬಹುದು. ಇಲ್ಲಿನವರು 'ಶಹಾಬಾದಿ ಫರ್ಶಿ' ಎನ್ನುವ ಈ ಸುಣ್ಣಕಲ್ಲಿಗೆ ಹೆಸರು ಬಂದದ್ದು ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ. ಕಲ್ಯಾಣದಲ್ಲಿ ಕವಲೊಡೆದು ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿದ ರೈಲು ಮಾರ್ಗವೇ ಎರಡೂ ಊರನ್ನು ಬೆಸೆದಿದೆ.

ಠಾಣೆಯಿಂದ ನವಿಮುಂಬಯಿಯವರೆಗೆ ಮನೆಗಳಿಗೆ ನೆಲ ಹಾಕಿಸುವುದು ನನ್ನ ಉದ್ಯೋಗ. ಇತ್ತೀಚೆಗೆ ಎಲ್ಲರೂ ಕೇಳುವುದು ಗುಜರಾತಿನ ಮೋರ್ಬಿಯಿಂದ ಬರುವ ಎರಡಡಿ-ನಾಲ್ಕಡಿಯ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಹಳೆಯ ನೆಲ ಒಡೆಯಬೇಕೇ, ಅದರ ಮೇಲೆಯೇ ಹಾಕಬೇಕೇ ಎಂಬುದು ಮೊದಲ ಪ್ರಶ್ನೆ. ಮೇಲೆಯೇ ಹಾಕಿದರೆ ಸದ್ದಿಲ್ಲ, ಡೆಬ್ರಿಸ್ ಇಲ್ಲ, ಖರ್ಚು ಕಡಿಮೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಅದು ನಿಜ. ಆದರೆ ಭಾರದ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಒಂದು ಚದರ ಮೀಟರ್ ಟೈಲ್ಸ್ ಸುಮಾರು 20 ಕಿಲೋ ತೂಗುತ್ತದೆ, ಅದರಡಿಯ ಅಂಟು ಐದಾರು ಕಿಲೋ. 500 ಚದರಡಿಯ ಮನೆಗೆ ಒಂದು ಟನ್ನಿಗೂ ಹೆಚ್ಚು ಹೊಸ ಭಾರ. ಗಟ್ಟಿಮುಟ್ಟಾದ ಕಟ್ಟಡಕ್ಕೆ ಇದು ದೊಡ್ಡದಲ್ಲ. ಆದರೆ ಸಿಮೆಂಟ್ ಉದುರಿ, ಒಳಗಿನ ಕಬ್ಬಿಣ ತುಕ್ಕು ಹಿಡಿದ ಹಳೆಯ ಸ್ಲ್ಯಾಬಿನಲ್ಲಿ ಪ್ರತಿ ಮಹಡಿಯವರೂ ಹೀಗೆಯೇ ಮಾಡಿದರೆ? ಒಡೆಯುವುದಕ್ಕೂ ಅಪಾಯವಿದೆ. ಬ್ರೇಕರ್ ಯಂತ್ರದ ಹೊಡೆತಕ್ಕೆ ದುರ್ಬಲ ಸ್ಲ್ಯಾಬ್ ಬಿರುಕು ಬಿಡಬಹುದು, ಕೆಳಗಿನ ಮನೆಯ ಚಾವಣಿಯ ಗಿಲಾವು ಕಳಚಿ ಬೀಳಬಹುದು. ಆದ್ದರಿಂದ ಹಳೆಯ ಕಟ್ಟಡವಾದರೆ ಸೊಸೈಟಿಯ ಸ್ಟ್ರಕ್ಚರಲ್ ಆಡಿಟ್ ವರದಿ ಓದದೆ ಕೆಲಸಕ್ಕೆ ಕೈ ಹಚ್ಚಬೇಡಿ.

ಮೂರನೆಯ ದಾರಿಯೂ ಇದೆ. ಮೊಸಾಯಿಕ್ ಅಥವಾ ಶಹಾಬಾದ್ ನೆಲ ಗಟ್ಟಿಯಾಗಿದ್ದರೆ ಯಂತ್ರದಿಂದ ಉಜ್ಜಿಸಿ ಹೊಸದಾಗಿ ಪಾಲಿಶ್ ಮಾಡಿಸಬಹುದು. ಭಾರ ಹೆಚ್ಚುವುದಿಲ್ಲ, ಬಾಗಿಲಿನ ಅಡಿ ಕತ್ತರಿಸಬೇಕಿಲ್ಲ. ವಯಸ್ಸಾದವರಿರುವ ಮನೆಯಲ್ಲಿ, ಮಳೆಗಾಲದ ತೇವಕ್ಕೆ ಜಾರುವ ಕನ್ನಡಿಯಂಥ ಟೈಲ್ಸಿಗಿಂತ ಹೆಚ್ಚು ಮಿರುಗಿಸದ ಕಲ್ಲೇ ವಾಸಿ. ಹೊಸದೇ ಬೇಕೆಂದರೆ ಮ್ಯಾಟ್ ಟೈಲ್ಸ್ ಕೇಳಿ.

ಟೈಲ್ಸ್ ಹಾಕಿಸುವವರು ಅಂಟಿನ ಚೀಲವನ್ನೂ ನೋಡಬೇಕು. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲ ಎನ್ನಬಹುದು. ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಹಿಡಿಯುವುದಿಲ್ಲ, ಒಂದೆರಡು ವರ್ಷದಲ್ಲಿ ನೆಲ ಟೊಳ್ಳು ಸದ್ದು ಮಾಡುತ್ತದೆ, ಕೆಲವೆಡೆ ಎದ್ದು ನಿಲ್ಲುತ್ತದೆ. ಚೀಲದ ಮೇಲೆ ಐಎಸ್ 15477 ಎಂಬ ಗುರುತೂ ಟೈಪ್ ಸಂಖ್ಯೆಯೂ ಇರಲಿ. ಹಳೆಯ ನೆಲದ ಮೇಲೆ ದೊಡ್ಡ ಟೈಲ್ಸ್ ಕೂರಿಸಲು ಟೈಪ್ 1 ಸಾಲದು. ಟೈಲ್ಸುಗಳ ನಡುವೆ ಎರಡು ಮಿಲಿಮೀಟರ್ ಸಂದು ಬಿಡಿಸಿ. ಸಂದಿಲ್ಲದ ನೆಲ ನೋಡಲು ಚೆಂದ, ಬಿಸಿಲಿಗೆ ಹಿಗ್ಗಲು ಜಾಗವಿರುವುದಿಲ್ಲ. ಶೇ 10ರಷ್ಟು ಹೆಚ್ಚು ಟೈಲ್ಸನ್ನು ಒಂದೇ ಬ್ಯಾಚಿನಲ್ಲಿ ತರಿಸಿ, ಉಳಿದದ್ದನ್ನು ಎತ್ತಿಡಿ. ಮುಂದೆ ಒಂದು ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಹಣ ಕೊಡುವಾಗ ಫ್ಲ್ಯಾಟಿನ ಕರಾರುಪತ್ರದ ಬಿಲ್ಟ್‌ಅಪ್ ಲೆಕ್ಕ ಒಪ್ಪಬೇಡಿ. ನಿಜವಾಗಿ ಹಾಸಿದ ನೆಲವನ್ನು ಟೇಪ್ ಹಿಡಿದು ಅಳೆಯಿರಿ. ಸ್ಕರ್ಟಿಂಗ್, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಹೊರುವ ಕೂಲಿ, ಡೆಬ್ರಿಸ್ ಸಾಗಿಸುವ ಖರ್ಚು ಯಾರದೆಂದು ಮೊದಲೇ ಬರೆಸಿಕೊಳ್ಳಿ. ಡೆಬ್ರಿಸನ್ನು ಕಾಂದಳ ಕಾಡಿನ ಅಂಚಿಗೋ ಖಾಡಿಗೋ ಸುರಿಯುವ ಟೆಂಪೋದವರೂ ಇದ್ದಾರೆ. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ. ಬಾತ್‌ರೂಮಿನಲ್ಲಿ ಟೈಲ್ಸಿಗೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಜೊತೆ ನಿಂತು ಅವರ ಚಾವಣಿ ನೋಡಿ. ಸೊಸೈಟಿಯ ಎಷ್ಟೋ ವರ್ಷಗಳ ಜಗಳ ಅಲ್ಲೇ ತಪ್ಪುತ್ತದೆ.

ಇನ್ನೊಂದು ಮಾತು ಕಾರಿಗರರದು. ಟೈಲ್ಸನ್ನು ಒಣಗಿದ್ದಂತೆಯೇ ಕತ್ತರಿಸಿದರೆ ಕೋಣೆ ತುಂಬ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಬ್ಲೇಡಿಗೆ ನೀರು ಬಿಟ್ಟು ಕತ್ತರಿಸಿದರೆ ದೂಳು ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಕೆಸರಾಗುತ್ತದೆ, ಹೊತ್ತು ಹಿಡಿಯುತ್ತದೆ ಎಂದು ಮೇಸ್ತ್ರಿ ಗೊಣಗುತ್ತಾನೆ, ಮನೆಯವರೂ ಮುಖ ಸಿಂಡರಿಸುತ್ತಾರೆ. ಕೆಲಸಕ್ಕೆ ಒಂದು ದಿನ ಹೆಚ್ಚು ಕೊಡಿ, ಬಕೆಟ್ ನೀರು ಕೊಡಿ, ಒಳ್ಳೆಯ ಮಾಸ್ಕ್ ತರಿಸಿ. ಆ ಹುಡುಗರಲ್ಲಿ ರಾಜಸ್ಥಾನ, ಉತ್ತರ ಪ್ರದೇಶದವರು ಹೆಚ್ಚು. ಯಾದಗಿರಿ, ಕಲಬುರಗಿ ಕಡೆಯವರೂ ಸಿಗುತ್ತಾರೆ. 'ನೀರು ಹಾಕ್ಕೊಂಡು ಕಟ್ ಮಾಡಪ್ಪಾ, ಅವಸರ ಏನಿಲ್ಲ' ಎಂದು ಕನ್ನಡದಲ್ಲಿ ಹೇಳಿದರೆ ತಟ್ಟನೆ ತಲೆ ಎತ್ತಿ ನೋಡುತ್ತಾರೆ.